ಸೂಜಿ ಸರಿಯಾದ ಜಾಗಕ್ಕೇ ಬಿದ್ದಿತ್ತು, ಆದರೂ ಉತ್ತರ ತಪ್ಪಿತು: ಕುದುರೆ ಕಾಲಿನ ನರ ಬ್ಲಾಕ್ ಬಗ್ಗೆ

ಕುದುರೆಯ ಮುಂಗಾಲು ಕುಂಟುತ್ತಿದೆ. ಗೊರಸಿಗೆ ಸ್ವಲ್ಪ ಮೇಲೆ, ಕಾಲಿನ ಹಿಂಬದಿಯಲ್ಲಿ, ಎರಡೂ ಪಕ್ಕಕ್ಕೆ ಒಂದಿಷ್ಟು ಮರಗಟ್ಟಿಸುವ ಔಷಧ ಚುಚ್ಚಿದರು. ಹತ್ತು ನಿಮಿಷದಲ್ಲಿ ಕುಂಟು ಮಾಯ. ಹಾಗಾದರೆ ಇದು ನ್ಯಾವಿಕ್ಯುಲರ್ ಕಾಯಿಲೆಯೇ ಸರಿ.

ಹೀಗೆ ನರವನ್ನು ಮರಗಟ್ಟಿಸಿ ನೋವಿನ ಜಾಗ ಹುಡುಕುವುದೇ ನರ ಬ್ಲಾಕ್. ಕುದುರೆ ವೈದ್ಯರಲ್ಲಿ ಈ ಲೆಕ್ಕ ದಶಕಗಳ ಕಾಲ ನಡೆದುಬಂತು. ಕೇಳೋಕೆ ಸರಿಯಾಗೇ ಇದೆ, ಅಲ್ವಾ? ಆ ಜಾಗದ ಚುಚ್ಚುಮದ್ದು ಗೊರಸಿನ ಹಿಂದಿನ ಮೂರನೇ ಒಂದು ಭಾಗವನ್ನು ಮಾತ್ರ ಮರಗಟ್ಟಿಸುತ್ತದೆ ಎಂದು ಓದಿಕೊಂಡು ಬಂದವರು ಅವರು. ಆ ಹಿಂಭಾಗದಲ್ಲಿ ದೋಣಿಯಾಕಾರದ ಒಂದು ಪುಟ್ಟ ಮೂಳೆ ಇದೆ. ಅದೇ ನ್ಯಾವಿಕ್ಯುಲರ್. ನೋವು ಹೋಯಿತು ಅಂದಮೇಲೆ ನೋವಿದ್ದದ್ದು ಅಲ್ಲೇ. ಎಕ್ಸ್‌ರೇ ತೆಗೆದರೆ ಆ ಮೂಳೆಯಲ್ಲಿ ಏನಾದರೊಂದು ತೂತೋ ಒರಟೋ ಕಂಡೇ ಕಾಣುತ್ತಿತ್ತು. ಕುಂಟದ ಕುದುರೆಗಳಲ್ಲೂ ಅದು ಕಾಣುತ್ತದೆ ಅನ್ನುವುದು ಬೇರೆ ಮಾತು.

1990ರ ದಶಕದ ಕೊನೆಗೆ ಮತ್ತು 2000ದ ಆರಂಭದಲ್ಲಿ ಸಂಶೋಧಕರು ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಲಾಳಕ್ಕೆ ಸ್ಕ್ರೂ ಕೂರಿಸಿ ಗೊರಸಿನ ಮುಂತುದಿಯ ತಳಕ್ಕೆ ಒತ್ತಡ ಕೊಟ್ಟು, ಬೇಕೆಂದೇ ತಾತ್ಕಾಲಿಕ ಕುಂಟು ಬರಿಸಿದರು. ನಂತರ ಹಿಂಬದಿಗೆ ಅದೇ ಚುಚ್ಚುಮದ್ದು ಕೊಟ್ಟರು. ಮುಂತುದಿಯ ನೋವೂ ಹೋಯಿತು! ಗೊರಸಿನೊಳಗಿನ ಕಾಫಿನ್ ಕೀಲಿನ ನೋವೂ ಬಹಳಷ್ಟು ಸಲ ಹೋಗುತ್ತದೆ ಎಂದು ಗೊತ್ತಾಯಿತು. ಸರಿಸುಮಾರು ಅದೇ ಕಾಲಕ್ಕೆ ಗೊರಸಿನ ಎಂಆರ್‌ಐ ಬಂತು. ನ್ಯಾವಿಕ್ಯುಲರ್ ಎಂದು ಹಣೆಪಟ್ಟಿ ಹಚ್ಚಿಸಿಕೊಂಡಿದ್ದ ಎಷ್ಟೋ ಗೊರಸುಗಳ ಒಳಗೆ ಹರಿದ ಸ್ನಾಯುರಜ್ಜು, ಕೀಲಿನ ಪಕ್ಕದ ಲಿಗಮೆಂಟಿನ ಪೆಟ್ಟು, ಮೂಳೆಯೊಳಗಿನ ಜಜ್ಜುಗಾಯ ಕಾಣತೊಡಗಿದವು.

ಇಷ್ಟರಲ್ಲಿ ಸೂಜಿ ಎಲ್ಲೂ ತಪ್ಪು ಜಾಗಕ್ಕೆ ಬಿದ್ದಿರಲಿಲ್ಲ. ಔಷಧವೂ ತನ್ನ ಕೆಲಸ ಮಾಡಿತ್ತು. ನರ ಬ್ಲಾಕಿನ ನಿಖರತೆ ಹೆಚ್ಚಿಸುವುದು ಹೇಗೆ ಅನ್ನುವ ಚರ್ಚೆ ಬಂದಾಗಲೆಲ್ಲ ಮಾತು ಸೂಜಿಯ ಮೊನೆಗೇ ಹೋಗಿ ನಿಲ್ಲುತ್ತದೆ. ನನ್ನ ಅಭಿಪ್ರಾಯ ಬೇರೆ. ಕಾಲಿನ ಕೆಳಭಾಗದಲ್ಲಿ ಬಹುಪಾಲು ತಪ್ಪು ಆಗುವುದು ಸೂಜಿ ಹೊರಬಂದ ಮೇಲೆ: ಔಷಧ ಎಷ್ಟು, ಎಷ್ಟು ಹೊತ್ತಿಗೆ ನೋಡಿದೆವು, ನೋಡಿದವರ ಕಣ್ಣು ಎಂಥದ್ದು ಅನ್ನುವಲ್ಲಿ.

ಕೆಳಗಿನಿಂದ ಮೇಲಕ್ಕೆ

ಕುದುರೆಯ ಕಾಲು ಈ ಪರೀಕ್ಷೆಗೆಂದೇ ಮಾಡಿದ ಹಾಗಿದೆ. ಮುಂಗಾಲಿನ ಮಂಡಿ ಎಂದು ನಾವು ಕರೆಯುವುದು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮ. ಅದರ ಕೆಳಗೆ ಹೇಳಿಕೊಳ್ಳುವಂಥ ಮಾಂಸಖಂಡ ಇಲ್ಲ. ಮೂಳೆ, ಸ್ನಾಯುರಜ್ಜು, ಲಿಗಮೆಂಟು, ರಕ್ತನಾಳ, ನರ, ಮೇಲೆ ಚರ್ಮ, ಅಷ್ಟೆ. ಹಾಗಾಗಿ ಅಲ್ಲಿನ ನರಕ್ಕೆ ಮದ್ದು ಕೊಟ್ಟರೆ ನೋವಿನ ಸುದ್ದಿ ಮೇಲೆ ಹೋಗುವುದು ನಿಲ್ಲುತ್ತದೆ, ಕಾಲಿನ ಬಲ ಕುಂದುವುದಿಲ್ಲ. ಕುದುರೆ ಎಂದಿನಂತೆ ಓಡುತ್ತದೆ. ಹಿಂಗಾಲಿನಲ್ಲಿ ಹಾಕ್ ಕೀಲಿಗೆ (ನಮ್ಮ ಕಣಕಾಲಿನ ಕೀಲಿಗೆ ಸಮ) ಮೇಲಿರುವ ಪೆರೊನಿಯಲ್ ನರಕ್ಕೆ ಕೊಟ್ಟು ನೋಡಿ, ಗೊರಸಿನ ತುದಿ ನೆಲಕ್ಕೆ ಎಳೆಯುತ್ತಾ ಎಡವುವ ಸಾಧ್ಯತೆ ಇರುತ್ತದೆ. ಅದು ನೋವೋ ಮದ್ದಿನ ಪ್ರಭಾವವೋ ಹೇಳುವುದು ಕಷ್ಟ.

ಕ್ರಮ ಸರಳ. ಕೆಳಗಿನಿಂದ ಶುರು ಮಾಡಬೇಕು. ಮೊದಲು ಗೊರಸಿನ ಹಿಂಬದಿಯ ಹಿಮ್ಮಡಿ ಹತ್ತಿರದ ಪಾಮರ್ ಡಿಜಿಟಲ್ ನರ. ಕುಂಟು ಹೋಗದಿದ್ದರೆ ಗೊರಸಿಗೂ ಮಂಡಿಗೂ ನಡುವಿನ ಫೆಟ್‌ಲಾಕ್ ಕೀಲಿನ ಹಿಂದಿನ ಸೆಸಮಾಯ್ಡ್ ಮೂಳೆಗಳ ಪಕ್ಕ. ಅಲ್ಲೂ ಹೋಗದಿದ್ದರೆ ಫೆಟ್‌ಲಾಕ್‌ಗೆ ಮೇಲೆ ನಾಲ್ಕು ಕಡೆ. ಹಿಂಗಾಲಾದರೆ ಮುಂಬದಿಯ ಎರಡು ನರ ಸೇರಿ ಆರು ಕಡೆ. ಆಮೇಲೆ ಮಂಡಿಯ ಬುಡ. ಯಾವ ಹಂತದಲ್ಲಿ ನಡಿಗೆ ಸರಿಹೋಯಿತೋ ಆ ಹಂತಕ್ಕೂ ಅದರ ಹಿಂದಿನ ಹಂತಕ್ಕೂ ನಡುವೆ ನೋವಿನ ಜಾಗ. ಮೇಲಿನಿಂದ ಶುರು ಮಾಡಿದರೆ ಒಂದೇ ಏಟಿಗೆ ಇಡೀ ಕಾಲು ಮರಗಟ್ಟಿ ಪರೀಕ್ಷೆ ಮುಗಿದುಹೋಗುತ್ತದೆ, ಏನೂ ಗೊತ್ತಾಗಿರುವುದಿಲ್ಲ.

ಮೊದಲ ಬ್ಲಾಕನ್ನೇ ಹತ್ತಿರದಿಂದ ನೋಡೋಣ. ಕುದುರೆ ನೋಡಿಕೊಳ್ಳುವ ಸೈಸ್ ಅದರ ತಲೆ ಹಿಡಿದು ನಿಂತಿರುತ್ತಾನೆ. ವೈದ್ಯರು ಕಾಲು ಎತ್ತಿ ತಮ್ಮ ಮಂಡಿಯ ಮೇಲೆ ಇಟ್ಟುಕೊಳ್ಳುತ್ತಾರೆ. ಫೆಟ್‌ಲಾಕ್ ಮತ್ತು ಗೊರಸಿನ ನಡುವಿನ ಪ್ಯಾಸ್ಟರ್ನ್ ಭಾಗದ ಹಿಂಬದಿಗೆ ಹೆಬ್ಬೆರಳು ಓಡಿಸಿದರೆ ಗಟ್ಟಿ ಸ್ನಾಯುರಜ್ಜುವಿನ ಅಂಚು ಸಿಗುತ್ತದೆ. ಆ ಅಂಚಿನಲ್ಲೇ ಮುಂದಿನಿಂದ ಹಿಂದಕ್ಕೆ ಅಭಿಧಮನಿ, ಅಪಧಮನಿ, ನರ, ಇದೇ ಸಾಲಿನಲ್ಲಿ ಇಳಿಯುತ್ತವೆ. ಬೆರಳಿನ ಕೆಳಗೆ ನರ ಸಣ್ಣ ದಾರದಂತೆ ಉರುಳುತ್ತದೆ. ಅರ್ಧ ಮಿಲಿಮೀಟರಿನಷ್ಟು ತೆಳುವಾದ 25 ಗೇಜ್ ಸೂಜಿಯನ್ನು ಸಿರಿಂಜ್ ಇಲ್ಲದೆ, ಮೊನೆ ಕೆಳಮುಖವಾಗಿ, ಚರ್ಮದಡಿ ತೂರಿಸುತ್ತಾರೆ. ರಕ್ತ ಬರಲಿಲ್ಲ ಅಂದರೆ ಸಿರಿಂಜ್ ಸೇರಿಸಿ ಒಂದೂವರೆ ಮಿಲಿಲೀಟರ್. ಇನ್ನೊಂದು ಪಕ್ಕಕ್ಕೂ ಅಷ್ಟೆ. ಕುದುರೆ ಒದೆಯದಿದ್ದರೆ ಎಲ್ಲ ಸೇರಿ ಎರಡು ನಿಮಿಷದ ಕೆಲಸ. ಒದ್ದರೆ ಆ ಮಾತು ಬೇರೆ.

ಐದು ನಿಮಿಷ ಬಿಟ್ಟು ಹಿಮ್ಮಡಿಯ ಉಬ್ಬನ್ನು ಬಾಲ್‌ಪೆನ್ ತುದಿಯಿಂದ ಒತ್ತಿ ನೋಡುತ್ತಾರೆ. ಕೈ ಬರುವುದು ಕುದುರೆಗೆ ಕಾಣಬಾರದು. ಕಂಡರೆ ನೋವಿಲ್ಲದಿದ್ದರೂ ಕಾಲು ಎಳೆದುಕೊಳ್ಳುತ್ತದೆ. ಅದಕ್ಕೇ ಅನುಭವಸ್ಥರು ಇನ್ನೊಂದು ಪಕ್ಕದಿಂದ ಕೈ ಚಾಚಿ ಒತ್ತುವುದು. ಚರ್ಮಕ್ಕೆ ಅರಿವಿಲ್ಲ ಅಂದರೆ ಬ್ಲಾಕ್ ಕೂತಿದೆ ಅಂತ ಲೆಕ್ಕ. ಇದೂ ನೂರಕ್ಕೆ ನೂರು ನಂಬುವ ಲೆಕ್ಕವಲ್ಲ. ಚರ್ಮ ಮರಗಟ್ಟಿದ ಮಾತ್ರಕ್ಕೆ ಒಳಗಿನ ಮೂಳೆಯೂ ಮರಗಟ್ಟಿದೆ ಎನ್ನಲಾಗದು.

ಔಷಧ ಇಟ್ಟ ಜಾಗದಲ್ಲಿ ಇರುವುದಿಲ್ಲ

ಯುರೋಪಿನಲ್ಲಿ ಕೆಲವು ಸಂಶೋಧಕರು ಒಂದು ಸುಲಭದ ಕೆಲಸ ಮಾಡಿದರು. ಮರಗಟ್ಟಿಸುವ ಔಷಧದ ಬದಲು ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ದ್ರವವನ್ನು ಅದೇ ಜಾಗಗಳಿಗೆ ಚುಚ್ಚಿ, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಎಕ್ಸ್‌ರೇ ತೆಗೆಯುತ್ತಾ ಹೋದರು. ದ್ರವ ಚುಚ್ಚಿದಲ್ಲಿ ಗುಂಡಗೆ ಕೂತಿರಲಿಲ್ಲ. ನರ ಮತ್ತು ರಕ್ತನಾಳಗಳನ್ನು ಸುತ್ತಿದ ಪೊರೆಯ ಗುಂಟ ಉದ್ದಕ್ಕೆ ಮೇಲೇರಿತ್ತು. ಏರಿಕೆಯ ಬಹುಪಾಲು ಮೊದಲ ಹತ್ತು ನಿಮಿಷದಲ್ಲೇ ಆಗಿತ್ತು. ಕೆಲವು ಕಾಲುಗಳಲ್ಲಿ ದ್ರವ ಆ ಪೊರೆಯ ಹೊರಗೇ ಉಳಿದಿತ್ತು. ಅಂಥ ಕಾಲಿಗೆ ನಿಜವಾದ ಔಷಧ ಕೊಟ್ಟಿದ್ದರೆ ಬ್ಲಾಕ್ ತಡವಾಗಿ ಹತ್ತುತ್ತಿತ್ತು ಅಥವಾ ಹತ್ತುತ್ತಲೇ ಇರಲಿಲ್ಲ.

ಸೆಸಮಾಯ್ಡ್ ಪಕ್ಕ ಕೊಟ್ಟ ಬ್ಲಾಕಿಗೆ ಫೆಟ್‌ಲಾಕ್ ಕೀಲಿನ ನೋವೂ ಕೆಲವೊಮ್ಮೆ ಕಡಿಮೆಯಾಗುವುದು ಯಾಕೆ ಅನ್ನುವುದು ಇದರಿಂದ ಅರ್ಥವಾಗುತ್ತದೆ. ಲೆಕ್ಕದ ಪ್ರಕಾರ ಆ ಬ್ಲಾಕ್ ಗೊರಸು ಮತ್ತು ಪ್ಯಾಸ್ಟರ್ನ್ ಭಾಗವನ್ನು ಮಾತ್ರ ಮರಗಟ್ಟಿಸಬೇಕು. ಆದರೆ ಔಷಧ ಜಾಸ್ತಿ ಹಾಕಿದರೆ, ಸೂಜಿ ಒಂದಿಷ್ಟು ಮೇಲೆ ಬಿದ್ದರೆ, ಕೀಲಿಗೆ ಹೋಗುವ ಎಳೆಗಳಿಗೂ ಔಷಧ ತಾಗುತ್ತದೆ. ವೈದ್ಯರು ನೋವು ಫೆಟ್‌ಲಾಕಿನ ಕೆಳಗಿದೆ ಎಂದುಕೊಂಡು ಗೊರಸಿನ ಎಂಆರ್‌ಐಗೆ ಬರೆಯುತ್ತಾರೆ. ಮಾಲೀಕರು ದುಡ್ಡು ಸುರಿದು ಮಾಡಿಸುತ್ತಾರೆ. ಗೊರಸಿನಲ್ಲಿ ಏನೂ ಇರುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಏನೋ ಒಂದು ಸಣ್ಣದು ಇರುತ್ತದೆ, ಅದಕ್ಕೇ ಚಿಕಿತ್ಸೆ ಶುರುವಾಗುತ್ತದೆ.

ಇಲ್ಲಿ ನಿಖರತೆ ಹೆಚ್ಚಿಸುವ ದಾರಿಗೆ ಖರ್ಚೇ ಇಲ್ಲ. ಔಷಧ ಕಡಿಮೆ ಮಾಡಿ, ಬೇಗ ನೋಡಿ. ಹಿಮ್ಮಡಿ ಬ್ಲಾಕಿಗೆ ಪಕ್ಕಕ್ಕೆ ಒಂದೂವರೆ ಮಿಲಿಲೀಟರ್ ಸಾಕು. ಹತ್ತಲಿಲ್ಲವೇನೋ ಅಂತ ಸುಮ್ನೆ ಇನ್ನೊಂದಿಷ್ಟು ಸುರಿಯುವ ಅಭ್ಯಾಸ ಬಿಡಬೇಕು. ಕೆಳಭಾಗದ ಬ್ಲಾಕನ್ನು ಐದರಿಂದ ಹತ್ತು ನಿಮಿಷದೊಳಗೆ ನೋಡಿ ಮುಗಿಸಬೇಕು. ಮೇಲಿನ ದೊಡ್ಡ ನರಗಳ ವಿಷಯ ಉಲ್ಟಾ. ಅವು ದಪ್ಪ, ಆಳದಲ್ಲಿವೆ, ಇಪ್ಪತ್ತರಿಂದ ಮೂವತ್ತು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಯಬೇಕಾಗುತ್ತದೆ. ಒಂದೇ ಗಡಿಯಾರ ಎರಡಕ್ಕೂ ನಡೆಯುವುದಿಲ್ಲ. ಹಿಮ್ಮಡಿಗೆ ಚುಚ್ಚಿ, ನಡುವೆ ಬಂದ ಫೋನ್ ಮುಗಿಸಿ, ಚಹಾ ಕುಡಿದು, ಅರ್ಧ ಗಂಟೆ ಬಿಟ್ಟು ನೋಡಿದರೆ ಬರುವ ಉತ್ತರ ಯಾವ ಪ್ರಶ್ನೆಯದ್ದೋ ಗೊತ್ತಿಲ್ಲ.

ಕೀಲಿನೊಳಗೆ ಕೊಡುವ ಬ್ಲಾಕಿಗೂ ಇದೇ ಮಾತು. ಕಾಫಿನ್ ಕೀಲಿಗೆ ಆರು ಮಿಲಿಲೀಟರ್ ಕೊಟ್ಟರೆ ಗೊರಸಿನ ಮುಂತುದಿಯ ತಳದ ನೋವೂ ಹೋಗಬಹುದು. ಹತ್ತು ಕೊಟ್ಟರೆ ಹಿಮ್ಮಡಿ ತಳದ ನೋವೂ ಹೋಗಬಹುದು. ಕೀಲಿನ ಬ್ಲಾಕ್ ಅಂದರೆ ಕೀಲಿನದ್ದೇ ಉತ್ತರ ಎಂದು ನಂಬಿದವರಿಗೆ ಇದು ಸಣ್ಣ ಆಘಾತವೇ ಆಗಿತ್ತು.

ಯಾವ ಔಷಧ ಅನ್ನುವುದಕ್ಕೂ ಬೆಲೆ ಇದೆ. ಸ್ವೀಡನ್ನಿನ ನಿಲ್ಸ್ ಲಾಫ್‌ಗ್ರೆನ್ 1943ರಲ್ಲಿ ತಯಾರಿಸಿದ ಲಿಗ್ನೊಕೇನ್ ನಮ್ಮಲ್ಲಿ ಊರೂರಿನ ಔಷಧ ಅಂಗಡಿಯಲ್ಲೂ ಸಿಗುತ್ತದೆ. ಕುದುರೆ ಕುಂಟಿನ ತಜ್ಞರು ಹೊರದೇಶಗಳಲ್ಲಿ ಹೆಚ್ಚಾಗಿ ಬಳಸುವುದು ಮೆಪಿವಕೇನ್. ಕಾರಣ ಇದೆ. ಲಿಗ್ನೊಕೇನ್ ಚುಚ್ಚಿದ ಜಾಗ ಜಾಸ್ತಿ ಕೆರಳುತ್ತದೆ, ಊದುತ್ತದೆ, ಬೇಗ ಇಳಿಯುತ್ತದೆ. ಹೋಲಿಸಿ ನೋಡಿದಾಗ ಅದರ ಬ್ಲಾಕ್ ಮೆಪಿವಕೇನ್‌ನಷ್ಟು ನೆಚ್ಚಿಕೊಳ್ಳುವಂತೆಯೂ ಇರಲಿಲ್ಲ. ಕೆಳಗಿನ ಬ್ಲಾಕ್ ಮುಗಿಸಿ ಮೇಲಿನದಕ್ಕೆ ಹೋಗುವಷ್ಟರಲ್ಲಿ ಕೆಳಗಿನದು ಇಳಿಯತೊಡಗಿದರೆ ಪರೀಕ್ಷೆಯ ಸರಪಳಿಯೇ ಕಡಿಯುತ್ತದೆ. ಲಿಗ್ನೊಕೇನ್ ಬಿಟ್ಟರೆ ಬೇರೆ ಗತಿ ಇಲ್ಲದ ಕಡೆ ಪ್ರತಿ ಹಂತದಲ್ಲೂ ಹಿಂದಿನ ಬ್ಲಾಕ್ ಇನ್ನೂ ಇದೆಯೇ ಎಂದು ಪೆನ್ ಒತ್ತಿ ಖಚಿತಪಡಿಸಿಕೊಳ್ಳಬೇಕು. ಇದನ್ನು ಮಾಡುವವರು ಕಡಿಮೆ.

ಮಂಡಿಯ ಬುಡದಲ್ಲಿ

ನಿಜವಾಗಿ ಸೂಜಿಯೇ ಮೋಸ ಮಾಡುವ ಜಾಗ ಒಂದಿದೆ. ಮಂಡಿಗೂ ಫೆಟ್‌ಲಾಕಿಗೂ ನಡುವಿನ ಕ್ಯಾನನ್ ಮೂಳೆಯ ಮೇಲ್ತುದಿ, ಮಂಡಿಯ ಕೆಳಗೆ, ಹಿಂಬದಿ. ಸಸ್ಪೆನ್ಸರಿ ಲಿಗಮೆಂಟ್ ಹುಟ್ಟುವುದು ಇಲ್ಲಿ. ಓಟದ ಕುದುರೆಗೂ ಜಿಗಿತದ ಕುದುರೆಗೂ ಕಾಟ ಕೊಡುವ ಲಿಗಮೆಂಟ್ ಇದು. ಇದರ ನೋವನ್ನು ಗುರುತಿಸಲು ಪಕ್ಕದ ನರಗಳಿಗೆ ಬ್ಲಾಕ್ ಕೊಡುತ್ತಾರೆ. ತೊಂದರೆ ಏನೆಂದರೆ, ಮಂಡಿಯ ಅತಿ ಕೆಳಗಿನ ಕೀಲಿನ ಚೀಲಗಳು ಕೆಳಕ್ಕೆ ಚಾಚಿಕೊಂಡು ಅದೇ ಜಾಗದಲ್ಲಿ ಕೂತಿವೆ. ಸೂಜಿ ಆ ಚೀಲಕ್ಕೆ ಹೊಕ್ಕರೆ ಔಷಧ ಕೀಲಿನೊಳಗೆ ಹೋಯಿತು. ಆ ಕೀಲು ಅದರ ಮೇಲಿನ ಕೀಲಿಗೂ ತೆರೆದುಕೊಂಡಿದೆ. ಅಲ್ಲಿಗೆ ಮಂಡಿಯ ಅರ್ಧ ಮರಗಟ್ಟಿತು. ವೈದ್ಯರು ಮಾತ್ರ ಲಿಗಮೆಂಟಿನ ನೋವು ಹೋಯಿತು ಎಂದು ಬರೆದುಕೊಳ್ಳುತ್ತಾರೆ.

ಉಲ್ಟಾ ಕೂಡ ಆಗುತ್ತದೆ. ಮಂಡಿಯ ಕೀಲಿಗೆಂದು ಕೊಟ್ಟ ಔಷಧ ಆ ಚೀಲಗಳ ಗೋಡೆಯಿಂದ ಜಿನುಗಿ ಪಕ್ಕದ ನರಗಳಿಗೆ ತಾಗಿ ಲಿಗಮೆಂಟನ್ನು ಮರಗಟ್ಟಿಸಬಹುದು.

ಹಿಂಗಾಲಿನಲ್ಲಿ ಹಾಕ್ ಕೀಲಿನ ಕೆಳಗೂ ಇದೇ ಕತೆ. ಅಲ್ಲಿ ಲ್ಯಾಟರಲ್ ಪ್ಲಾಂಟರ್ ನರದ ಆಳದ ಕವಲಿಗೆ ಬ್ಲಾಕ್ ಕೊಡುತ್ತಾರೆ. ಸೂಜಿ ಹಾಕ್‌ನ ಕೆಳಗಿನ ಕೀಲಿಗೋ ಸ್ನಾಯುರಜ್ಜುವಿನ ಕವಚಕ್ಕೋ ಹೊಕ್ಕಬಹುದು. ಇದನ್ನು ಸಣ್ಣ ವಿಷಯ ಅನ್ನುವ ಹಾಗಿಲ್ಲ. ಈ ಬ್ಲಾಕಿನ ಉತ್ತರ ನೋಡಿಕೊಂಡೇ ಆ ನರದ ಕವಲನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಗೆ ಹೋಗುವುದುಂಟು. ಕತ್ತರಿಸಿದ ನರ ವಾಪಸ್ ಬಾ ಅಂದರೆ ಬರುವುದಿಲ್ಲ. ಇನ್ನು ಕೀಲಿಗೆ ಗೊತ್ತಿಲ್ಲದೆ ಸೂಜಿ ಹೋಗುವ ಸಾಧ್ಯತೆ ಇರುವ ಕಡೆ ಚರ್ಮವನ್ನು ಚೆನ್ನಾಗಿ ತೊಳೆಯದೆ ಚುಚ್ಚಿದರೆ ಕೀಲಿಗೆ ಸೋಂಕು ತಗಲಬಹುದು. ಕುದುರೆಗೆ ಕೀಲಿನ ಸೋಂಕು ಅಂದರೆ ಜೀವಕ್ಕೇ ಬರಬಹುದು.

ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಹಾಕುವ ಪದ್ಧತಿ ಬೆಲೆ ಬಾಳುವುದು ಇಂಥ ಕಡೆ. ಪರದೆಯ ಮೇಲೆ ನರ, ಪಕ್ಕದ ಕೀಲು, ರಕ್ತನಾಳ, ಸೂಜಿ ಎಲ್ಲ ಕಾಣುತ್ತದೆ. ಕಡಿಮೆ ಔಷಧ ಸಾಕಾಗುತ್ತದೆ. ಹಾಕ್‌ಗೆ ಮೇಲಿನ ಟಿಬಿಯಲ್ ನರಕ್ಕೂ ಇದು ಉಪಯೋಗ. ಆದರೆ ಪ್ಯಾಸ್ಟರ್ನ್ ಹತ್ತಿರದ ನರಕ್ಕೆ ಅಲ್ಟ್ರಾಸೌಂಡ್ ಹಿಡಿಯುವುದು ನನಗಂತೂ ಆಡಂಬರ ಅನಿಸುತ್ತದೆ. ಬೆರಳಿಗೆ ಸಿಗುವ ನರವನ್ನು ಹುಡುಕಲು ಯಂತ್ರ ಯಾಕೆ?

ಕಣ್ಣಿನ ಮೇಲೆ ಎಷ್ಟು ನಂಬಿಕೆ

ಬ್ಲಾಕ್ ಸರಿಯಾಗಿ ಕೂತಿತು ಅಂತಿಟ್ಟುಕೊಳ್ಳೋಣ. ಈಗ ಕುದುರೆಯನ್ನು ಟ್ರಾಟ್ (ಒಂದು ಪಕ್ಕದ ಮುಂಗಾಲೂ ಇನ್ನೊಂದು ಪಕ್ಕದ ಹಿಂಗಾಲೂ ಜೊತೆಗೆ ನೆಲ ಮುಟ್ಟುವ ಓಟ) ಓಡಿಸಿ, ಕುಂಟು ಎಷ್ಟು ಕಡಿಮೆಯಾಯಿತು ಎಂದು ಯಾರೋ ಒಬ್ಬರು ಹೇಳಬೇಕು. ಇಡೀ ಪರೀಕ್ಷೆ ನಿಂತಿರುವುದು ಈ ಒಂದು ಮಾತಿನ ಮೇಲೆ.

ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕೆವಿನ್ ಕೀಗನ್ ಮತ್ತು ಜೊತೆಗಾರರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅನುಭವಿ ವೈದ್ಯರು ಒಂದೇ ಕುದುರೆಗಳನ್ನು ನೋಡಿ, ಯಾವ ಕಾಲು ಕುಂಟುತ್ತಿದೆ ಎಂದು ಹೇಳಬೇಕಿತ್ತು. ಸೊನ್ನೆಯಿಂದ ಐದರವರೆಗಿನ ಅಮೆರಿಕನ್ ಅಳತೆಯಲ್ಲಿ ಕುಂಟು ಸರಾಸರಿ ಒಂದೂವರೆಗಿಂತ ಹೆಚ್ಚಿದ್ದಾಗ ಕಾಲು ಕುಂಟೋ ಅಲ್ಲವೋ ಅನ್ನುವುದರಲ್ಲಿ ಶೇ 93ರಷ್ಟು ಒಮ್ಮತ ಇತ್ತು. ಒಂದೂವರೆ ಅಥವಾ ಕಡಿಮೆ ಇದ್ದಾಗ ಅದು ಶೇ 62ಕ್ಕೆ ಇಳಿಯಿತು. ನಾಣ್ಯ ಚಿಮ್ಮಿದರೂ ಶೇ 50 ಬರುತ್ತದೆ ಅನ್ನುವುದನ್ನು ನೆನಪಿಡಿ. ಬ್ಲಾಕ್ ಕೊಟ್ಟ ಮೇಲೆ ನಾವು ನೋಡುವುದು ಈ ಸಣ್ಣ ಕುಂಟನ್ನೇ. ಇದ್ದ ಕುಂಟು ಅರ್ಧಕ್ಕೆ ಇಳಿದರೆ ಉಳಿಯುವುದು ನಮ್ಮ ಕಣ್ಣು ಜಗಳವಾಡುವ ಮಟ್ಟದ ಕುಂಟು. ಹಿಂಗಾಲಿನ ಬಗ್ಗೆ ಬ್ರಿಟನ್ನಿನಲ್ಲಿ ನಡೆದ ಇನ್ನೊಂದು ಅಧ್ಯಯನದ ಪ್ರಕಾರ, ಎಡ ಬಲದ ಚಲನೆಯಲ್ಲಿ ಶೇ 25ಕ್ಕಿಂತ ಕಡಿಮೆ ವ್ಯತ್ಯಾಸ ಇದ್ದರೆ ಮನುಷ್ಯರ ಕಣ್ಣು ಅದನ್ನು ನಂಬಿಕೆಯಿಂದ ಹಿಡಿಯಲಾರದು.

ಕಣ್ಣಿನ ಜೊತೆ ಮನಸ್ಸೂ ಸೇರಿಕೊಳ್ಳುತ್ತದೆ. ಬ್ಲಾಕ್ ಕೊಡಲಾಗಿದೆ ಎಂದು ಗೊತ್ತಿದ್ದವರು, ಗೊತ್ತಿಲ್ಲದವರಿಗಿಂತ ಹೆಚ್ಚು ಸುಧಾರಣೆ ಕಾಣುತ್ತಾರೆ ಎಂದು 2006ರ ಬ್ರಿಟಿಷ್ ಅಧ್ಯಯನವೊಂದು ತೋರಿಸಿತು. ಇದರಲ್ಲಿ ಯಾರ ಮೋಸವೂ ಇಲ್ಲ. ಸೂಜಿ ಹಾಕಿದವರೇ ತೀರ್ಪು ಕೊಡುವಾಗ ಹೀಗಾಗದೆ ಇನ್ನೇನಾಗುತ್ತದೆ? ಮಾನವರ ಔಷಧ ಪ್ರಯೋಗದಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ. ಕುದುರೆ ಲಾಯದಲ್ಲಿ ದಿನಾ ಒಪ್ಪುತ್ತೇವೆ.

ಕುದುರೆಯೂ ಸುಮ್ಮನಿರುವುದಿಲ್ಲ. ಕೆಲವು ಕುಂಟು ನಾಲ್ಕು ಸುತ್ತು ಓಡಿದ ಮೇಲೆ ತಾನಾಗೇ ಕಡಿಮೆಯಾಗುತ್ತದೆ, ಬ್ಲಾಕ್ ಕೊಡದಿದ್ದರೂ. ಅದಕ್ಕೇ ಬ್ಲಾಕಿಗೆ ಮೊದಲೇ ಸಾಕಷ್ಟು ಓಡಿಸಿ, ಕುಂಟು ಒಂದೇ ಮಟ್ಟದಲ್ಲಿ ನಿಂತಿದೆಯೇ ಎಂದು ನೋಡಿಕೊಳ್ಳಬೇಕು. ಎರಡೂ ಮುಂಗಾಲು ನೋಯುತ್ತಿದ್ದರೆ ಒಂದಕ್ಕೆ ಬ್ಲಾಕ್ ಕೊಟ್ಟ ಕೂಡಲೇ ಇನ್ನೊಂದು ಕುಂಟಲು ಶುರುವಾಗುತ್ತದೆ. ಅಲ್ಲಿಯವರೆಗೆ ಎರಡೂ ನೋವು ಸಮ ಸಮ ಇದ್ದು ಒಂದನ್ನೊಂದು ಮುಚ್ಚಿಕೊಂಡಿರುತ್ತವೆ.

ಇನ್ನೊಂದು ಮೋಸ ಇದೆ, ಇದು ಬ್ಲಾಕನ್ನೇ ತಪ್ಪು ಕಾಲಿಗೆ ಕೊಡಿಸುವಂಥದ್ದು. ಎಡ ಹಿಂಗಾಲು ಜೋರಾಗಿ ನೋಯುತ್ತಿದ್ದರೆ ಟ್ರಾಟ್‌ನಲ್ಲಿ ಕುದುರೆ ಭಾರವನ್ನು ಮುಂದಕ್ಕೆ ಹಾಕಲು ತಲೆ ತಗ್ಗಿಸುತ್ತದೆ. ಟ್ರಾಟ್‌ನಲ್ಲಿ ಎಡ ಹಿಂಗಾಲಿನ ಜೊತೆಗೇ ನೆಲ ಮುಟ್ಟುವುದು ಬಲ ಮುಂಗಾಲು. ಹಾಗಾಗಿ ತಲೆ ಬಲ ಮುಂಗಾಲಿನ ಮೇಲೆ ಬಗ್ಗಿದಂತೆ, ಎಡ ಮುಂಗಾಲು ನೆಲ ಮುಟ್ಟುವಾಗ ಮೇಲೆದ್ದಂತೆ ಕಾಣುತ್ತದೆ. ನೋಡುವವರಿಗೆ ಅದು ಪಕ್ಕಾ ಎಡ ಮುಂಗಾಲಿನ ಕುಂಟು. ಅಲ್ಲಿ ಎಷ್ಟು ಬ್ಲಾಕ್ ಕೊಟ್ಟರೂ ಏನೂ ಆಗದು.

ಇವತ್ತು ನಿಖರತೆಯ ವಿಷಯದಲ್ಲಿ ನಿಜವಾದ ಬದಲಾವಣೆ ಬರುತ್ತಿರುವುದು ಈ ಕಡೆಯಿಂದ. ತಲೆ, ಸೊಂಟ ಮತ್ತು ಒಂದು ಕಾಲಿಗೆ ಪುಟ್ಟ ಸೆನ್ಸಾರ್ ಕಟ್ಟಿ, ಎಡ ಹೆಜ್ಜೆಗೂ ಬಲ ಹೆಜ್ಜೆಗೂ ತಲೆ ಮತ್ತು ಸೊಂಟದ ಏರಿಳಿತ ಎಷ್ಟು ಬೇರೆಯಾಗುತ್ತಿದೆ ಎಂದು ಮಿಲಿಮೀಟರಿನಲ್ಲಿ ಅಳೆಯುವ ವ್ಯವಸ್ಥೆ ಮಿಸೌರಿಯ ಕೆಲಸದಿಂದಲೇ ಬಂತು. ತಲೆಯಲ್ಲಿ 6 ಮಿಲಿಮೀಟರ್, ಸೊಂಟದಲ್ಲಿ 3 ಮಿಲಿಮೀಟರ್ ದಾಟಿದರೆ ಅದು ಗಮನ ಕೊಡಬೇಕಾದ ಮಟ್ಟ. ಸ್ವೀಡನ್ನಿನ ಸ್ಲೀಪ್ ಎಂಬ ಆ್ಯಪ್ ಸೆನ್ಸಾರ್ ಕೂಡ ಇಲ್ಲದೆ ಬರೀ ಫೋನ್ ಕ್ಯಾಮೆರಾದ ವಿಡಿಯೊದಿಂದ ಈ ಲೆಕ್ಕ ಮಾಡುತ್ತದೆ. ಯಂತ್ರ ಕುಂಟಿನ ಕಾರಣ ಹೇಳುವುದಿಲ್ಲ. ಕುದುರೆ ಬೆಚ್ಚಿದರೂ, ತಲೆ ಕೊಡವಿದರೂ ಲೆಕ್ಕ ಕೆಡುತ್ತದೆ. ಕೆಲವು ಕುದುರೆಗಳು ನೋವಿಲ್ಲದೆಯೂ ಸ್ವಲ್ಪ ಸೊಟ್ಟಗೇ ಓಡುತ್ತವೆ. ಆದರೆ ಬ್ಲಾಕಿಗೆ ಮೊದಲು ಇಷ್ಟು, ಆಮೇಲೆ ಇಷ್ಟು ಎಂಬ ಎರಡು ಅಂಕಿಯನ್ನು ಹೋಲಿಸುವಾಗ ಅದಕ್ಕೆ ಆಸೆ ಇಲ್ಲ, ಮುಜುಗರ ಇಲ್ಲ. ಕುಂಟಿನ ಚಿಕಿತ್ಸಾಲಯಕ್ಕೆ ಹಾಕಲು ದುಡ್ಡು ಇದ್ದರೆ ಮೊದಲು ಇದಕ್ಕೆ ಹಾಕಬೇಕು, ಹೊಸ ಬಗೆಯ ಸೂಜಿಗಲ್ಲ ಎನ್ನುವುದು ನನ್ನ ಮತ.

ನಮ್ಮ ಕಡೆ

ದೇಶದಲ್ಲಿ ಕುದುರೆಗಳೇ ಕಡಿಮೆಯಾಗುತ್ತಿವೆ. 2019ರ ಜಾನುವಾರು ಗಣತಿಯ ಪ್ರಕಾರ ಕುದುರೆ ಮತ್ತು ತಟ್ಟುಗಳು ಒಟ್ಟು 3.4 ಲಕ್ಷ. ಅದು 2012ಕ್ಕಿಂತ ಶೇ 45ಕ್ಕೂ ಹೆಚ್ಚು ಕಡಿಮೆ. ಕುದುರೆ ಕಡಿಮೆಯಾದಂತೆ ಕುದುರೆ ಕಾಲು ನೋಡಿ ಕೈ ಪಳಗಿಸಿಕೊಳ್ಳುವ ಅವಕಾಶವೂ ಕಡಿಮೆ. ಬೆಂಗಳೂರು, ಮೈಸೂರಿನ ರೇಸ್ ಕುದುರೆಗಳ ಸುತ್ತ ಅನುಭವಿ ಕೈಗಳಿವೆ. ಟಾಂಗಾ ಕುದುರೆಗೆ ಆ ಭಾಗ್ಯ ಇಲ್ಲ. ಡಾಂಬರು ರಸ್ತೆಯಲ್ಲಿ ಓಡಿ ಗೊರಸು ನೊಂದ ಕುದುರೆ ಮೊದಲು ಹೋಗುವುದು ಲಾಳ ಕಟ್ಟುವವರ ಹತ್ತಿರ.

ಅದು ತಪ್ಪೂ ಅಲ್ಲ. ಕುಂಟುವ ಕುದುರೆಗೆ ಸೂಜಿ ಮುಟ್ಟುವ ಮೊದಲು ಗೊರಸನ್ನು ಇಕ್ಕಳದಿಂದ ಸುತ್ತಲೂ ಒತ್ತಿ ನೋಡಬೇಕು. ಲಾಳದ ಮೊಳೆ ಒಳಕ್ಕೆ ಹತ್ತಿದ್ದರೆ, ತಳದಲ್ಲಿ ಕೀವು ಕಟ್ಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಬ್ಲಾಕಿನ ಅಗತ್ಯವೇ ಬೀಳುವುದಿಲ್ಲ. ಕಾಲು ನೆಲಕ್ಕೆ ಊರಲೂ ಒಲ್ಲದ ಕುದುರೆಗೆ ಎಕ್ಸ್‌ರೇ ಆಗುವವರೆಗೆ ಬ್ಲಾಕ್ ಕೊಡಲೇಬಾರದು. ಮೂಳೆಯಲ್ಲಿ ಸಣ್ಣ ಬಿರುಕು ಇದ್ದು, ನೋವು ಹೋಯಿತೆಂದು ಕುದುರೆ ಪೂರ್ತಿ ಭಾರ ಹಾಕಿ ಓಡಿದರೆ ಆ ಮೂಳೆ ಎರಡು ತುಂಡಾಗಬಹುದು. ರೇಸ್ ದಿನ ಕುದುರೆಯ ಮೈಯಲ್ಲಿ ಮರಗಟ್ಟಿಸುವ ಔಷಧ ಇರುವಂತಿಲ್ಲ ಅನ್ನುವ ನಿಯಮದ ಹಿಂದೆಯೂ ಇದೇ ಭಯ ಇದೆ. ನೋವು ಗೊತ್ತಾಗದ ಕಾಲಿನ ಮೇಲೆ ನಾಗಾಲೋಟ ಓಡಿದರೆ ಕುದುರೆಯೂ ಉಳಿಯದು, ಜಾಕಿಯೂ ಉಳಿಯದಿರಬಹುದು.

ಸೆನ್ಸಾರ್ ಇಲ್ಲದ ಕಡೆಯೂ ಕೆಲವು ಕೆಲಸ ಮಾಡಬಹುದು. ಬ್ಲಾಕಿಗೆ ಮೊದಲು ಮತ್ತು ನಂತರ, ಒಂದೇ ಜಾಗದಲ್ಲಿ, ಒಂದೇ ಗಟ್ಟಿ ನೆಲದ ಮೇಲೆ, ಒಂದೇ ವೇಗದಲ್ಲಿ ಓಡಿಸಿ ಫೋನಿನಲ್ಲಿ ವಿಡಿಯೊ ತೆಗೆಯಬಹುದು. ಸೈಸ್ ಹಗ್ಗವನ್ನು ಸಡಿಲ ಬಿಡಬೇಕು. ಬಿಗಿ ಹಿಡಿದರೆ ತಲೆ ಆಡುವುದೇ ಕಾಣುವುದಿಲ್ಲ. ಆ ವಿಡಿಯೊಗಳನ್ನು ಯಾವುದು ಮೊದಲಿನದು, ಯಾವುದು ನಂತರದ್ದು ಎಂದು ಹೇಳದೆ ಇನ್ನೊಬ್ಬ ವೈದ್ಯರಿಗೆ ಕಳಿಸಿ ಕೇಳಬಹುದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. 2006ರ ಅಧ್ಯಯನ ತೋರಿಸಿದ ಪಕ್ಷಪಾತಕ್ಕೆ ಇದಕ್ಕಿಂತ ಅಗ್ಗದ ಮದ್ದು ನನಗೆ ಗೊತ್ತಿಲ್ಲ. ಕೇಸ್ ಶೀಟಿನಲ್ಲಿ 'ಹಿಮ್ಮಡಿ ಬ್ಲಾಕ್, ಪಾಸಿಟಿವ್' ಎಂದಷ್ಟೇ ಬರೆದರೆ ಮುಂದಿನ ವೈದ್ಯರಿಗೆ ಏನೂ ತಿಳಿಯದು. ಯಾವ ಔಷಧ, ಎಷ್ಟು ಮಿಲಿಲೀಟರ್, ಗೊರಸಿನಿಂದ ಎಷ್ಟು ಮೇಲೆ, ಎಷ್ಟು ನಿಮಿಷಕ್ಕೆ ನೋಡಿದ್ದು, ಚರ್ಮ ಮರಗಟ್ಟಿತ್ತೇ ಅನ್ನುವುದೂ ಇರಬೇಕು.

ಇಷ್ಟೆಲ್ಲ ಆದ ಮೇಲೂ ಬಗೆಹರಿಯದ ಪ್ರಶ್ನೆ ಒಂದಿದೆ. ಎಷ್ಟು ಸುಧಾರಿಸಿದರೆ ಅದನ್ನು 'ಹೌದು' ಎನ್ನಬೇಕು? ಶೇ 70 ಅಥವಾ ಅದಕ್ಕಿಂತ ಹೆಚ್ಚು ಎಂದು ಅನೇಕರು ಇಟ್ಟುಕೊಂಡಿದ್ದಾರೆ. ಆದರೆ ಅರ್ಧಕ್ಕೆ ನಿಂತ ಕುದುರೆಗಳೇ ತಲೆ ತಿನ್ನುವುದು. ಕೀಲು ಬಿಗಿದುಕೊಂಡು ನೋವಿಲ್ಲದೆಯೂ ಸ್ವಲ್ಪ ಕುಂಟು ಉಳಿದಿರಬಹುದು. ನೋವು ಎರಡು ಕಡೆ ಇದ್ದು ಒಂದು ಮಾತ್ರ ಹೋಗಿರಬಹುದು. ಔಷಧ ನರದ ಪೊರೆಯ ಹೊರಗೆ ಬಿದ್ದಿರಬಹುದು. ಮೇಲಿನ ಜಾಗದ ನೋವಿಗೆ ಔಷಧ ಅಷ್ಟಿಷ್ಟು ಜಿನುಗಿ ತಾಗಿರಬಹುದು. ಆಗ ಆತುರದಲ್ಲಿ ಅದೇ ಕಾಲಿಗೆ ಇನ್ನೊಂದು, ಮತ್ತೊಂದು ಎಂದು ಚುಚ್ಚುತ್ತಾ ಹೋದರೆ ಮೊದಲಿನ ಔಷಧ ಎರಡನೆಯದರ ಉತ್ತರದೊಳಗೆ ಬೆರೆತುಹೋಗುತ್ತದೆ.

ಅಂಥ ಕುದುರೆಯನ್ನು ಲಾಯಕ್ಕೆ ಕಳಿಸಿ, ಔಷಧ ಪೂರ್ತಿ ಇಳಿದ ಮೇಲೆ ಮರುದಿನ ಬೇರೆ ಬ್ಲಾಕಿನಿಂದ ಹೊಸದಾಗಿ ಶುರು ಮಾಡುವುದೇ ಸರಿ. ನಿನ್ನೆ ನರಕ್ಕೆ ಕೊಟ್ಟಿದ್ದರೆ ಇವತ್ತು ಕೀಲಿಗೆ. ಮಾಲೀಕರಿಗೆ ಇನ್ನೊಂದು ದಿನದ ಬಿಲ್ಲು ಬರುತ್ತದೆ, ಅವರು ಗೊಣಗುತ್ತಾರೆ. ತಪ್ಪು ಜಾಗಕ್ಕೆ ಆರು ತಿಂಗಳು ಚಿಕಿತ್ಸೆ ಕೊಡಿಸುವ ಬಿಲ್ಲಿನ ಮುಂದೆ ಅದು ಏನೇನೂ ಅಲ್ಲ ಎಂದು ಅವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.